ಪಿಸಿಓಎಸ್‌ಗೆ ಚೀನೀ ಕಷಾಯ, ಸೂಜಿ: ಸಿಂಗಾಪುರದಲ್ಲಿ ಯಾರಾದರೂ ತಗೊಂಡಿದ್ದೀರಾ?

ಸೆಂಗ್‌ಕಾಂಗ್ ಸೊಸೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಊರು ದಾವಣಗೆರೆ, ಸಿಂಗಾಪುರಕ್ಕೆ ಬಂದು ನಾಲ್ಕು ವರ್ಷ ಆಯಿತು. ನನಗೆ 33. ಪಿಸಿಓಎಸ್ ಇದೆ, ಅಂದರೆ ಅಂಡಾಶಯದ ಹಾರ್ಮೋನ್ ಏರುಪೇರು. ಮುಟ್ಟು ಒಮ್ಮೆ 45 ದಿನಕ್ಕೆ ಬಂದರೆ ಇನ್ನೊಮ್ಮೆ 70 ದಿನಕ್ಕೆ. ಎರಡು ವರ್ಷದಿಂದ ಮಗುವಿಗಾಗಿ ಕಾಯುತ್ತಿದ್ದೇವೆ. ನಮ್ಮವರ ರಿಪೋರ್ಟ್ ಸರಿಯಿದೆ. ಇಲ್ಲಿನ ಗೈನಕಾಲಜಿಸ್ಟ್ ಮೆಟ್‌ಫಾರ್ಮಿನ್ ಕೊಟ್ಟಿದ್ದಾರೆ, ಮುಂದಿನ ತಿಂಗಳು ಲೆಟ್ರೋಜೋಲ್ (ಅಂಡಾಶಯದಿಂದ ಮೊಟ್ಟೆ ಬಿಡುಗಡೆಯಾಗಲು ಕೊಡುವ ಮಾತ್ರೆ) ಶುರು ಮಾಡೋಣ ಎಂದಿದ್ದಾರೆ.

ನಮ್ಮ ಫ್ಲೋರಿನಲ್ಲಿ ಒಬ್ಬರು ಚೀನೀ ಆಂಟಿ ಇದ್ದಾರೆ. ಲಿಫ್ಟ್‌ನಲ್ಲಿ ಸಿಕ್ಕಾಗಲೆಲ್ಲ ಬೇಬಿ ಯಾವಾಗ ಎಂದು ಕೇಳುತ್ತಾರೆ. (ನಮ್ಮ ಅತ್ತೆ ಕಡೆಯವರಿಗಿಂತ ವಾಸಿ, ಇವರು ಕೇಳಿದ ಮೇಲೆ ಕಿತ್ತಳೆ ಹಣ್ಣಾದರೂ ಕೊಡುತ್ತಾರೆ.) ಹೋದ ಶನಿವಾರ ಕೈ ಹಿಡಿದುಕೊಂಡು ಅವರ ಸಿನ್‌ಸೆ ಹತ್ತಿರ ಕರೆದುಕೊಂಡು ಹೋದರು. ಸಿನ್‌ಸೆ ಅಂದರೆ ಇಲ್ಲಿ ಚೀನೀ ವೈದ್ಯರು. ಅವರು ಎರಡೂ ಕೈಯ ನಾಡಿ ಹಿಡಿದರು, ನಾಲಿಗೆ ನೋಡಿದರು. ಆಮೇಲೆ ಎರಡೇ ಮಾತು: "ಕಿಡ್ನಿ ವೀಕ್. ಗರ್ಭಕೋಶ ತಣ್ಣಗಾಗಿದೆ." ನನಗೆ ಕೈಕಾಲು ನಡುಗಿತು. ಅಮ್ಮನಿಗೆ ಫೋನ್ ಮಾಡಿದರೆ, "ನಿಂಗೆ ಹುಟ್ಟಿದಾಗಿಂದ ಉಷ್ಣದ ದೇಹ, ತಣ್ಣಗೆ ಎಲ್ಲಿಂದ ಆಗುತ್ತೆ, ಮಜ್ಜಿಗೆ ಕುಡಿ" ಎಂದರು.

ಬರೆದುಕೊಟ್ಟ ಚೀಟಿಯಲ್ಲಿ ದಾಂಗ್ ಗುಯಿ, ಶು ದಿ ಹುವಾಂಗ್, ಬಾಯ್ ಶಾವ್, ಅ ಜಿಯಾವ್ ಮತ್ತು ಇನ್ನೂ ಐದಾರು ಹೆಸರಿವೆ. ವಾರಕ್ಕೆ ಎರಡು ಸಲ ಸೂಜಿ ಕೂಡ. ನಾನು ಇನ್ನೂ ಏನೂ ಶುರು ಮಾಡಿಲ್ಲ. ಇದರಿಂದ ಯಾರಿಗಾದರೂ ಪ್ರಯೋಜನ ಆಗಿದೆಯಾ? ಲೆಟ್ರೋಜೋಲ್ ಜೊತೆ ತಗೊಂಡರೆ ತೊಂದರೆ ಇದೆಯಾ? ಅದರಲ್ಲಿ ಮಾಂಸದ್ದೇನಾದರೂ ಇರುತ್ತಾ? ನಾವು ಲಿಂಗಾಯತರು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಮತ್ತೆ, ನನ್ನ ಕಿಡ್ನಿಗೆ ನಿಜವಾಗಿ ಏನಾಗಿದೆ?

ಜಯನಗರ ನಾಲ್ಕನೇ ಬ್ಲಾಕ್

ಸುಮ್ನೆ ದುಡ್ಡು ದಂಡ ಮೇಡಂ. ನಾಡಿ ನೋಡಿ ಗರ್ಭಕೋಶದ ಟೆಂಪರೇಚರ್ ಹೇಳುವುದಾದರೆ ಸ್ಕ್ಯಾನಿಂಗ್ ಮೆಷಿನ್ ಯಾಕೆ ಬೇಕಿತ್ತು? ಡಾಕ್ಟರ್ ಹೇಳಿದ್ದು ಮಾಡಿ, ಆಂಟಿ ಕೊಟ್ಟ ಕಿತ್ತಳೆ ತಿನ್ನಿ.

ತೀರ್ಥಹಳ್ಳಿ ತುಂಗೆ

ತಂಗಿ, ನೀನು ಅಂತಲೇ ಬರೆಯುತ್ತೇನೆ, ನಾನು ನಿನಗಿಂತ ಎಂಟೊಂಬತ್ತು ವರ್ಷ ದೊಡ್ಡವಳು. ಮೊದಲು ಕಿಡ್ನಿ ವಿಷಯ ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ನಿನಗೆ ನಿದ್ದೆ ಬರುವುದಿಲ್ಲ. ನನಗೂ ಬಂದಿರಲಿಲ್ಲ. ಇದೇ ಮಾತು ಕೇಳಿ ಮರುದಿನ ಬೆಳಗ್ಗೆಯೇ ಓಡಿಹೋಗಿ ರಕ್ತ ಕೊಟ್ಟು ಕಿಡ್ನಿಯ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿದ್ದೆ. ನಾರ್ಮಲ್ ಇತ್ತು. ಅವರ ಭಾಷೆಯಲ್ಲಿ ಅದು 'ಶೆನ್'. ಇಂಗ್ಲಿಷಿಗೆ ಬರುವಾಗ ಕಿಡ್ನಿ ಆಗಿಬಿಟ್ಟಿದೆ. ಅವರ ಲೆಕ್ಕದಲ್ಲಿ ಬೆಳವಣಿಗೆ, ಮುಟ್ಟು, ಮಕ್ಕಳು, ಮೂಳೆ, ತಲೆಗೂದಲು, ಇಷ್ಟಕ್ಕೂ ಬಂಡವಾಳ ಇರುವ ಜಾಗ ಅದು. ನಮ್ಮಲ್ಲಿ ವಾತ ಜಾಸ್ತಿ ಅಂದರೆ ಹೊಟ್ಟೆಯಲ್ಲಿ ಗಾಳಿ ಅಂತಷ್ಟೇ ಅಲ್ಲ ಅಲ್ವಾ, ಹಾಗೆ. ಅನುಮಾನ ಇದ್ದರೆ ಒಂದು ರಕ್ತಪರೀಕ್ಷೆ ಮಾಡಿಸು. ಮನಸ್ಸಿಗೆ ಸಮಾಧಾನ.

ಗರ್ಭಕೋಶ ತಣ್ಣಗೆ ಎನ್ನುವುದೂ ಹಾಗೆಯೇ. 'ಗೊಂಗ್ ಹಾನ್' ಎನ್ನುತ್ತಾರೆ. ಕಾಲು ತಣ್ಣಗಿರುವುದು, ಮುಟ್ಟಿನಲ್ಲಿ ಹೊಟ್ಟೆನೋವು, ಬಿಸಿನೀರಿನ ಚೀಲ ಇಟ್ಟರೆ ಹಾಯೆನಿಸುವುದು, ಇವುಗಳಿಂದ ಆ ಲೆಕ್ಕಕ್ಕೆ ಬರುತ್ತಾರೆ. ಅವರ ಪ್ರಕಾರ ಪಿಸಿಓಎಸ್ ಒಂದೇ ಕಾಯಿಲೆ ಅಲ್ಲ. ಒಬ್ಬಳಿಗೆ ಕಫ ಮತ್ತು ತೇವ, ಇನ್ನೊಬ್ಬಳಿಗೆ ಶೆನ್ ಸೋತಿದೆ, ಮತ್ತೊಬ್ಬಳಿಗೆ ಲಿವರ್‌ನ ಛೀ, ಅಂದರೆ ಮೈಯಲ್ಲಿ ಹರಿಯುತ್ತದೆ ಎನ್ನುವ ಶಕ್ತಿ, ಕಟ್ಟಿಕೊಂಡಿದೆ. ಒಂದೇ ಸ್ಕ್ಯಾನ್ ರಿಪೋರ್ಟ್ ಇರುವ ಮೂವರಿಗೆ ಮೂರು ಬೇರೆ ಬೇರೆ ಪೊಟ್ಟಣ. ನನ್ನ ಸ್ಥಿತಿಯೂ ನಿನ್ನದೇ ಆಗಿತ್ತು. ಫೋನಿನಲ್ಲಿ ಅಮ್ಮ ಉಷ್ಣ ಎನ್ನುತ್ತಿದ್ದರು, ಇಲ್ಲಿ ಶೀತ. ಅಮ್ಮ ಎಳನೀರು ಕುಡಿ, ಸೌತೆಕಾಯಿ ತಿನ್ನು ಎಂದರೆ, ಇವರು ಅದೆರಡನ್ನೂ ಮುಟ್ಟಬೇಡ ಎನ್ನುತ್ತಿದ್ದರು. ಮೊಸರೂ ಬೇಡ ಎಂದಾಗ ಮಾತ್ರ ನಾನು ಒಪ್ಪಲಿಲ್ಲ. ಮೊಸರನ್ನ ಬಿಟ್ಟು ಬರುವ ಮಗು ನನಗೂ ಬೇಡ ಎಂದುಬಿಟ್ಟೆ. ಪಾಪ, ನಕ್ಕು ಸುಮ್ಮನಾದರು.

ನಾನು ಹೋಗಿದ್ದು 2016ರಲ್ಲಿ, 34 ತುಂಬಿದ ಮೇಲೆ. ಎಚ್‌ಡಿಬಿ (ಇಲ್ಲಿನ ಸರ್ಕಾರಿ ವಸತಿ) ಬ್ಲಾಕಿನ ಕೆಳಗಿನ ಮೆಡಿಕಲ್ ಹಾಲ್, ಅಂದರೆ ಚೀನೀ ಔಷಧದ ಅಂಗಡಿ. ಗೋಡೆ ತುಂಬ ಚಿಕ್ಕ ಚಿಕ್ಕ ಮರದ ಡ್ರಾಯರ್, ಚಿನ್ನ ತೂಗುವಂಥ ಪುಟ್ಟ ತಕ್ಕಡಿ. ಕಾಗದ ಹರಡಿ ಒಂದೊಂದೇ ಬೇರು, ತೊಗಟೆ ತೂಗಿ ಹಾಕುತ್ತಿದ್ದರು. ನಮ್ಮೂರ ಗ್ರಂದಿಗೆ ಅಂಗಡಿಯೇ ಕಣ್ಣಿಗೆ ಬಂತು. ಫಿಸಿಷಿಯನ್ ಹೆಂಗಸು, ಅರವತ್ತು ದಾಟಿರಬಹುದು. ಮೊದಲ ದಿನ ಮುಕ್ಕಾಲು ಗಂಟೆ ಕೂರಿಸಿಕೊಂಡು ಕೇಳಿದರು. ರಕ್ತದ ಬಣ್ಣ ಹೇಗೆ, ಗಡ್ಡೆ ಬರುತ್ತಾ, ಮುಟ್ಟಿಗೆ ಮುಂಚೆ ಎದೆ ನೋವಾ, ಕೋಪ ಜಾಸ್ತಿಯಾ, ರಾತ್ರಿ ಎಷ್ಟು ಸಲ ಏಳುತ್ತೀಯ, ಪಾದ ತಣ್ಣಗಿರುತ್ತಾ. ಆಸ್ಪತ್ರೆಯಲ್ಲಿ ಅದುವರೆಗೆ ಯಾರೂ ನನ್ನನ್ನು ಇಷ್ಟು ಕೇಳಿರಲಿಲ್ಲ. ಅಲ್ಲಿ ಏಳು ನಿಮಿಷಕ್ಕೆ ಟೋಕನ್ ನಂಬರ್ ಬದಲಾಗುತ್ತಿತ್ತು. ಆ ಮುಕ್ಕಾಲು ಗಂಟೆಗೇ ನಾನು ಅರ್ಧ ಸೋತುಹೋಗಿದ್ದೆ ಎಂದು ಈಗ ಅನಿಸುತ್ತದೆ.

ನಾಡಿಗೆ ಮೂರು ಬೆರಳು ಇಡುತ್ತಾರೆ, ನಮ್ಮ ಪಂಡಿತರ ಹಾಗೆಯೇ. ನಾಲಿಗೆ ಚಾಚಿಸಿ ಅಂಚಿನಲ್ಲಿ ಹಲ್ಲಿನ ಗುರುತು ಇದೆಯೇ, ಮೇಲೆ ಬಿಳಿ ಪದರ ಎಷ್ಟು ದಪ್ಪ ಎಂದು ನೋಡುತ್ತಾರೆ. ಕಾಫಿ ಕುಡಿದು ಹೋಗಬೇಡ, ನಾಲಿಗೆ ಬಣ್ಣ ಕೆಡುತ್ತದೆ. ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ನಾಲಿಗೆ ಕೆಳಗೆ ಥರ್ಮಾಮೀಟರ್ ಇಟ್ಟು ಚಾರ್ಟ್ ಬರೆಯಲು ಹೇಳಿದರು. ಇದು ಹಳೇ ಚೀನೀ ಪದ್ಧತಿ ಏನಲ್ಲ, ಆದರೂ ಎಷ್ಟೋ ಜನ ಕೇಳುತ್ತಾರೆ. ಮೊಟ್ಟೆ ಬಿಡುಗಡೆಯಾದ ಮೇಲೆ ಮೈಯ ಬಿಸಿ ಒಂದಿಷ್ಟು ಏರಬೇಕು. ನನ್ನ ಚಾರ್ಟ್ ಎರಡು ತಿಂಗಳು ಹುಬ್ಬಳ್ಳಿ ಬಯಲಿನ ಹಾಗೆ ಸಪಾಟಾಗಿತ್ತು.

ಸೂಜಿಗೆ ಹೆದರಬೇಡ. ಕೂದಲಿನಷ್ಟು ತೆಳ್ಳಗೆ. ಹೊಕ್ಕುಳಿಂದ ನಾಲ್ಕು ಬೆರಳು ಕೆಳಗೆ ಒಂದು, ಮೊಣಕಾಲಿನ ಕೆಳಗೆ, ಮತ್ತೆ ಕಾಲಿನ ಒಳಗಿನ ಹರಡಿನಿಂದ ನಾಲ್ಕು ಬೆರಳು ಮೇಲೆ. ಕೊನೆಯದನ್ನು ಸಾನ್‌ಯಿನ್‌ಜಿಯಾವ್ ಎನ್ನುತ್ತಾರೆ, ಹೆಂಗಸರ ತೊಂದರೆಗೆಲ್ಲ ಅದು ಬೇಕೇ ಬೇಕು. ಚುಚ್ಚುವಾಗ ಏನೂ ಗೊತ್ತಾಗುವುದಿಲ್ಲ. ಆಮೇಲೆ ತಿರುಗಿಸುತ್ತಾರಲ್ಲ, ಆಗ ಒಳಗೆ ಜೋಮು ಹಿಡಿದಂತೆ, ಭಾರವಾದಂತೆ ಆಗುತ್ತದೆ. ಅದು ಬಂತಾ ಬಂತಾ ಎಂದು ಕೇಳುತ್ತಾರೆ. ಬಂದರೆ ಛೀ ಸಿಕ್ಕಿತು ಎಂದರ್ಥವಂತೆ. ಅರ್ಧ ಗಂಟೆ ಹೊಟ್ಟೆಯ ಮೇಲೆ ಕೆಂಪು ದೀಪದ ಬಿಸಿ. ನಾನು ಪ್ರತಿ ಸಲ ಗೊರಕೆ ಹೊಡೆದಿದ್ದೇನೆ. ಕೆಲವು ದಿನ ಮಾಕ್ಸಾ ಹಚ್ಚಿ ಹೊಟ್ಟೆಯ ಹತ್ತಿರ ಹಿಡಿಯುತ್ತಿದ್ದರು. ಒಣ ಎಲೆಯನ್ನು ಬೀಡಿಯ ಹಾಗೆ ಸುತ್ತಿದ್ದು. ಆ ಗಿಡ ನಮ್ಮ ದವನ, ಮಾಚಿಪತ್ರೆಯ ಜಾತಿಯದೇ. ದೇವರ ಮನೆ ಹೂವು ಬಾಡಿದಾಗಿನ ವಾಸನೆಗೆ ಹೊಗೆ ಸೇರಿದ ಹಾಗೆ. ಮನೆಗೆ ಬಂದ ಮೇಲೆ ನಮ್ಮವರು ಮೂಗು ಮುಚ್ಚಿಕೊಂಡು, "ಯಾವ ಜಾತ್ರೆಗೆ ಹೋಗಿದ್ದೆ?" ಎಂದು ಕೇಳಿದ್ದರು.

ಕಷಾಯ ಮಾತ್ರ ಕಷ್ಟ. ಮಣ್ಣಿನ ಪಾತ್ರೆಯಲ್ಲೇ ಕುದಿಸಬೇಕು, ಕಬ್ಬಿಣ ಕೂಡದು. ಮೂರು ಬಟ್ಟಲು ನೀರು ಒಂದು ಬಟ್ಟಲಿಗೆ ಇಳಿಯಬೇಕು. ದಾಂಗ್ ಗುಯಿ ಬೇರು ಓಂಕಾಳು, ಕೊತ್ತಂಬರಿ ಕುಟುಂಬದ್ದು. ವಾಸನೆಯಲ್ಲೇ ಗೊತ್ತಾಗುತ್ತದೆ. ನಿನ್ನ ಚೀಟಿಯಲ್ಲಿ ದಾಂಗ್ ಗುಯಿ, ಶು ದಿ ಹುವಾಂಗ್, ಬಾಯ್ ಶಾವ್ ಇವೆ ಅಂದರೆ ನಾಲ್ಕನೆಯದಾಗಿ ಚುವಾನ್ ಶಿಯೊಂಗ್ ಕೂಡ ಇದೆಯಾ ನೋಡು. ಇದ್ದರೆ ಅದು 'ಸಿ ವು ಟಾಂಗ್', ನಾಲ್ಕು ಸಾಮಾನಿನ ಸಾರು ಎಂದರ್ಥ. ಸಾಂಗ್ ರಾಜರ ಕಾಲದಿಂದ ಹೆಂಗಸರಿಗೆ ಕೊಡುತ್ತಾ ಬಂದ ರಕ್ತದ ಕಷಾಯ. ಜೊತೆಗೆ ಕೆಂಪು ಖರ್ಜೂರ ಎಂದು ಹಾಕುತ್ತಾರೆ, ಅದು ಖರ್ಜೂರ ಅಲ್ಲವೇ ಅಲ್ಲ. ಸಂಕ್ರಾಂತಿಗೆ ಮಕ್ಕಳ ತಲೆಗೆ ಎರೆಯುತ್ತೇವಲ್ಲ ಎಲಚಿ ಹಣ್ಣು, ಅದರ ಹತ್ತಿರದ ನಂಟ.

ಈಗ ನೀನು ಕೇಳಿದ ಮುಖ್ಯ ಮಾತು. ಅ ಜಿಯಾವ್ ಅಂದರೆ ಕತ್ತೆಯ ಚರ್ಮ ಕುದಿಸಿ ಮಾಡಿದ ಅಂಟು. ಶಾನ್‌ಡಾಂಗ್ ಪ್ರಾಂತ್ಯದ ಡಾಂಗ್ ಅ ಎಂಬ ಊರಿನದು ಹೆಸರುವಾಸಿ. ಅದೊಂದೇ ಅಲ್ಲ, ಜಿಂಕೆ ಕೊಂಬಿನ ಅಂಟು ಇರುತ್ತದೆ, ರಕ್ತ ಕಟ್ಟಿದೆ ಎಂದರೆ ಜಿಗಣೆ, ಎರೆಹುಳು ಬರುತ್ತವೆ. ಹಳೆಯ ಕಾಲದಲ್ಲಿ ಮಕ್ಕಳಾಗದವರಿಗೆ ಒಣಗಿಸಿದ ಮಾಸವನ್ನೂ (ಹೆರಿಗೆಯಲ್ಲಿ ಮಗುವಿನ ಹಿಂದೆ ಬರುವ ಪ್ಲಾಸೆಂಟಾ) ಕೊಡುತ್ತಿದ್ದರು, ಮನುಷ್ಯರದ್ದೇ. ಚೀನಾದ ಸರ್ಕಾರಿ ಔಷಧಕೋಶ ಅದನ್ನು 2015ರಲ್ಲಿ ಕೈಬಿಟ್ಟಿತು. ನಾನು ಹತ್ತು ದಿನ ಕತ್ತೆ ಕುಡಿದ ಮೇಲೆ ಈ ವಿಷಯ ಗೊತ್ತಾಯಿತು. ಅತ್ತೆಗೆ ಇವತ್ತಿಗೂ ಹೇಳಿಲ್ಲ. ಫಿಸಿಷಿಯನ್‌ಗೆ ಸಸ್ಯಾಹಾರಿ ಎಂದು ಬಾಯಿಬಿಟ್ಟು ಹೇಳಿದೆ. ಆ ಸಾಲು ಹೊಡೆದು ಹಾಕಿ ಹಿಪ್ಪುನೇರಳೆ ಹಣ್ಣು ಬರೆದರು. ರಾಮನಗರದ ರೇಷ್ಮೆಹುಳು ತಿನ್ನುವ ಗಿಡದ್ದೇ ಹಣ್ಣು, ನಿಶ್ಚಿಂತೆಯಾಗಿ ಕುಡಿದೆ. ನಾವು ಮಾಂಸ ತಿನ್ನಲ್ಲ ಎಂದರೆ ಅವರಿಗೆ ಹಂದಿ, ದನ ಎಂದಷ್ಟೇ ಹೊಳೆಯುತ್ತದೆ. ಅದಕ್ಕೇ ಪ್ರಾಣಿಯ ಅಂಟು, ಹುಳು, ಚಿಪ್ಪು ಯಾವುದೂ ಬೇಡ ಎಂದು ಬಿಡಿಸಿ ಹೇಳಬೇಕು.

ಪ್ರಯೋಜನ ಆಯಿತಾ? ನಾಲ್ಕು ತಿಂಗಳಲ್ಲಿ ನನ್ನ ಮುಟ್ಟು 60 ದಿನದಿಂದ 40ಕ್ಕೆ ಬಂತು. ಆದರೆ ಅದೇ ನಾಲ್ಕು ತಿಂಗಳಲ್ಲಿ ಕಾಫಿಗೆ ಸಕ್ಕರೆ ಬಿಟ್ಟಿದ್ದೆ, ದಿನಾ ಸಂಜೆ ನಡೆಯುತ್ತಿದ್ದೆ, ನಾಲ್ಕು ಕಿಲೋ ಇಳಿದಿದ್ದೆ, ಮೆಟ್‌ಫಾರ್ಮಿನ್ ನಡೆದೇ ಇತ್ತು. ಯಾವುದಕ್ಕೆ ಹಾರ ಹಾಕಲಿ? ನಿದ್ದೆ ಬಂತು, ಅದನ್ನು ಮಾತ್ರ ಸೂಜಿಗೇ ಕೊಡುತ್ತೇನೆ. ಗರ್ಭ ನಿಲ್ಲಲಿಲ್ಲ. ಕೊನೆಗೆ ಐವಿಎಫ್. ಮೊದಲ ಟ್ರಾನ್ಸ್‌ಫರ್ (ಭ್ರೂಣವನ್ನು ಗರ್ಭಕೋಶಕ್ಕೆ ಇಡುವುದು) ದಿನ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಸೂಜಿ ಚುಚ್ಚಿಸಿಕೊಂಡಿದ್ದೆ. ನಿಲ್ಲಲಿಲ್ಲ. ಎರಡನೇ ಸಲ ಬೇಜಾರಾಗಿ ಎಲ್ಲೂ ಹೋಗಲಿಲ್ಲ, ಮನೆಯಲ್ಲಿ ಮಲಗಿ ಉಪ್ಪಿಟ್ಟು ತಿಂದೆ. ಆ ಉಪ್ಪಿಟ್ಟಿನ ಮಗನಿಗೆ ಈಗ ಆರು ವರ್ಷ.

ಒಂದು ಕಹಿ ಅನುಭವವನ್ನೂ ಹೇಳಬೇಕು. ಮಧ್ಯದಲ್ಲಿ ಯಾರೋ ಹೇಳಿದರೆಂದು ಮಾಲ್ ಒಂದರಲ್ಲಿದ್ದ ಕ್ಲಿನಿಕ್‌ಗೆ ಹೋದೆ. ಸ್ಪಾ ಹಾಗಿತ್ತು. ಮೂರು ತಿಂಗಳಲ್ಲಿ ಗ್ಯಾರಂಟಿ ಎಂದು ಪ್ಯಾಕೇಜ್ ಕಟ್ಟಿಸಿದರು, ನಾನು ದಡ್ಡಿ, 1,200 ಡಾಲರ್ ಕಾರ್ಡ್ ಉಜ್ಜಿದೆ. ಮೂರನೇ ಸಲ ಹೋದಾಗ ಮೆಟ್‌ಫಾರ್ಮಿನ್ ನಿಲ್ಲಿಸು, ಅದೇ ನಿನ್ನ ಗರ್ಭಕೋಶ ತಣ್ಣಗೆ ಮಾಡುತ್ತಿದೆ ಎಂದರು. ಅಲ್ಲಿಂದ ಎದ್ದು ಬಂದವಳು ಮತ್ತೆ ಹೋಗಲಿಲ್ಲ. ದುಡ್ಡೂ ವಾಪಸ್ ಬರಲಿಲ್ಲ. ನಮ್ಮ ಮೆಡಿಕಲ್ ಹಾಲ್ ಅಜ್ಜಿ ಯಾವತ್ತೂ ಡಾಕ್ಟರ ಮಾತ್ರೆ ಬಿಡು ಎಂದಿರಲಿಲ್ಲ. ಮೊದಲ ದಿನವೇ ಸ್ಕ್ಯಾನ್ ರಿಪೋರ್ಟ್ ತಾ ಎಂದಿದ್ದರು.

ಸಿಂಗಾಪುರದಲ್ಲಿ ಇವರಿಗೆಂದು 2000ದಲ್ಲಿ ಕಾಯ್ದೆ ಬಂದಿದೆ. ಟಿಸಿಎಂ (ಸಾಂಪ್ರದಾಯಿಕ ಚೀನೀ ವೈದ್ಯ) ಪ್ರಾಕ್ಟಿಷನರ್ಸ್ ಬೋರ್ಡ್‌ನಲ್ಲಿ ಹೆಸರು ನೋಂದಾಯಿಸಿರಬೇಕು, ಪಟ್ಟಿ ನೆಟ್‌ನಲ್ಲೇ ಸಿಗುತ್ತದೆ. ನಿಮ್ಮ ಆಂಟಿಯ ಸಿನ್‌ಸೆ ಹೆಸರು ಅಲ್ಲಿ ಇದೆಯಾ ಮೊದಲು ನೋಡು.

ಮೈಸೂರು ಓಬಿಜಿ

ತುಂಗೆ ಅವರ ಉಪ್ಪಿಟ್ಟು ನನ್ನ ಪೇಷಂಟ್‌ಗಳಿಗೂ ಹೇಳುತ್ತೇನೆ. ನಾನು ಸ್ತ್ರೀರೋಗ ತಜ್ಞೆ, ಚೀನೀ ಪದ್ಧತಿ ಕಲಿತವಳಲ್ಲ. ಓದಿ ತಿಳಿದಷ್ಟು ಬರೆಯುತ್ತೇನೆ.

ಸೂಜಿಯ ಮೇಲೆ ಆಸೆ ಹುಟ್ಟಿಸಿದ್ದು 2002ರ ಒಂದು ಜರ್ಮನ್ ಅಧ್ಯಯನ. 160 ಹೆಂಗಸರು, ಎಂಬ್ರಿಯೋ ಟ್ರಾನ್ಸ್‌ಫರ್‌ಗೆ ಮುಂಚೆ ಮತ್ತು ಆಮೇಲೆ ಸೂಜಿ. ಸೂಜಿ ಹಾಕಿಸಿಕೊಂಡವರಲ್ಲಿ 42.5 ಶೇಕಡಾ ಗರ್ಭ ನಿಂತಿತು, ಉಳಿದವರಲ್ಲಿ 26.3. ತುಂಗೆ ಅವರಿಗೆ ಟ್ರಾನ್ಸ್‌ಫರ್ ದಿನ ಎರಡು ಸಲ ಚುಚ್ಚಿದ್ದು ಇದೇ ಮಾದರಿ. ಆದರೆ ಅಲ್ಲಿ ನಕಲಿ ಸೂಜಿಯ ಗುಂಪು ಇರಲಿಲ್ಲ. 2018ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ 848 ಹೆಂಗಸರಲ್ಲಿ ನಿಜವಾದ ಸೂಜಿ ಮತ್ತು ಚುಚ್ಚದ ನಕಲಿ ಸೂಜಿ ಎರಡನ್ನೂ ಹೋಲಿಸಿ ನೋಡಿದರು. ಮಗು ಹುಟ್ಟಿದ್ದು 18.3 ಮತ್ತು 17.8 ಶೇಕಡಾ. ವ್ಯತ್ಯಾಸವೇ ಇಲ್ಲ.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಅಧ್ಯಯನ ಚೀನಾದಲ್ಲೇ ಆಗಿದೆ, ಹಾರ್ಬಿನ್‌ನ ಚೀನೀ ವೈದ್ಯ ವಿಶ್ವವಿದ್ಯಾಲಯದವರ ಮುಂದಾಳತ್ವದಲ್ಲಿ. ಅವರದೇ ವಿದ್ಯೆಯನ್ನು ಅವರೇ ಒರೆಗೆ ಹಚ್ಚಿದರಲ್ಲ, ಅದಕ್ಕೆ ನನಗೆ ಗೌರವ. ಪಿಸಿಓಎಸ್ ಇರುವ 1,000 ಹೆಂಗಸರು, ವಾರಕ್ಕೆ ಎರಡು ಸಲ ಸೂಜಿ, ಫಲಿತಾಂಶ ಬಂದಿದ್ದು 2017ರಲ್ಲಿ. ಕ್ಲೋಮಿಫೀನ್ ಮಾತ್ರೆಯ ಜೊತೆ ನಿಜವಾದ ಸೂಜಿ ಹಾಕಿಸಿಕೊಂಡವರಲ್ಲಿ 29.4 ಶೇಕಡಾ ಜನರಿಗೆ ಮಗುವಾಯಿತು, ಅದೇ ಮಾತ್ರೆಯ ಜೊತೆ ನಕಲಿ ಸೂಜಿಯವರಲ್ಲಿ 28. ಮಾತ್ರೆ ಇಲ್ಲದೆ ಸೂಜಿ ಮಾತ್ರ ಎಂದರೆ 13.9, ಅದೂ ನಕಲಿ ಎಂದರೆ 16.8. ಕೆಲಸ ಮಾಡಿದ್ದು ಮಾತ್ರೆ. ನಿಮಗೆ ಬರೆದಿರುವ ಲೆಟ್ರೋಜೋಲ್ ಪಿಸಿಓಎಸ್‌ಗೆ ಕ್ಲೋಮಿಫೀನ್‌ಗಿಂತಲೂ ವಾಸಿ. 2014ರ ಅಮೆರಿಕದ ಅಧ್ಯಯನದಲ್ಲಿ 27.5 ಮತ್ತು 19.1 ಶೇಕಡಾ ಬಂದಿತ್ತು. ಅದನ್ನು ಮುಂದೂಡಬೇಡಿ.

ನಿದ್ದೆಗೆ, ನೆಮ್ಮದಿಗೆ ಸೂಜಿ ಹಾಕಿಸಿಕೊಳ್ಳುವುದಾದರೆ ನನ್ನ ತಕರಾರಿಲ್ಲ. ಕಷಾಯದ ಬಗ್ಗೆ ಇದೆ. ದಾಂಗ್ ಗುಯಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅಪಾಯ, ಐವಿಎಫ್‌ಗೆ ಅಂಡಾಶಯದಿಂದ ಮೊಟ್ಟೆ ತೆಗೆಯುವ ದಿನಗಳಲ್ಲೂ ಬೇಡ. ಗಾನ್ ಚಾವ್ ಎಂದು ಬರೆದಿದ್ದರೆ ಅದು ನಮ್ಮ ಅತಿಮಧುರದ ಜಾತಿ, ತಿಂಗಳುಗಟ್ಟಲೆ ಜಾಸ್ತಿ ಕುಡಿದರೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಹ ಶೊ ವು ಎಂಬ ಬೇರಿನಿಂದ ಲಿವರ್ ಕೆಟ್ಟ ಪ್ರಕರಣಗಳು ಬೇಕಾದಷ್ಟಿವೆ. 1990ರ ಸುಮಾರಿಗೆ ಬೆಲ್ಜಿಯಂನಲ್ಲಿ ತೂಕ ಇಳಿಸಲು ಹೋದ ಹೆಂಗಸರಿಗೆ ಒಂದು ಚೀನೀ ಬೇರಿನ ಬದಲು ಹೆಸರು ಹತ್ತಿರವಿರುವ ಇನ್ನೊಂದು ಬೇರು ಸೇರಿಹೋಯಿತು. ಅದರಲ್ಲಿ ಅರಿಸ್ಟೊಲೋಕಿಕ್ ಆಸಿಡ್ ಇತ್ತು. ಎಷ್ಟೋ ಜನರ ಕಿಡ್ನಿ ಹೋಯಿತು, ಈ ಸಲ ನಿಜವಾದ ಕಿಡ್ನಿ. ಚೀಟಿಯ ಫೋಟೋ ನಿಮ್ಮ ಗೈನಕಾಲಜಿಸ್ಟ್‌ಗೆ ತೋರಿಸಿ. ಮುಟ್ಟು ತಡವಾದ ದಿನವೇ ಕಷಾಯ ನಿಲ್ಲಿಸಿ ಟೆಸ್ಟ್ ಮಾಡಿ. ನಿಮಗೆ ತಡವಾಗುವುದು ಮಾಮೂಲಿ, ಹಾಗಾಗಿ ಗರ್ಭ ನಿಂತಿದ್ದು ಗೊತ್ತೇ ಆಗದೆ ಕುಡಿಯುತ್ತಾ ಹೋಗುವ ಸಾಧ್ಯತೆ ಇದೆ.

ಶಾಂಘೈ ಶೆಟ್ರು

ನಾನು ಗಂಡಸು, ಆದರೂ ಒಂದು ಮಾತು. ಶಾಂಘೈನಲ್ಲಿ ಇದ್ದಾಗ ಹೆಂಡತಿಯ ಮುಟ್ಟಿನ ಹೊಟ್ಟೆನೋವಿಗೆ ಲೊಂಗ್‌ಹುವಾ ಆಸ್ಪತ್ರೆಗೆ ಹೋಗಿದ್ದೆವು. ಅದು ಚೀನೀ ವೈದ್ಯ ಪದ್ಧತಿಯ ದೊಡ್ಡ ಆಸ್ಪತ್ರೆ. ಮೂಲೆಯಲ್ಲಿ ಕೂತ ಗಡ್ಡದ ಅಜ್ಜ ಇರುತ್ತಾರೆ ಎಂದುಕೊಂಡಿದ್ದೆ. ನೋಡಿದರೆ ಬಿಳಿ ಕೋಟಿನ ಹುಡುಗಿ, ಮೊದಲು ಅಲ್ಟ್ರಾಸೌಂಡ್, ಹಾರ್ಮೋನ್ ಟೆಸ್ಟ್ ಬರೆದುಕೊಟ್ಟು ಆಮೇಲೆ ನಾಡಿ ಹಿಡಿದಳು. ಕಷಾಯ ಅಲ್ಲೇ ಕುದಿಸಿ ಹಾಲಿನ ಪ್ಯಾಕೆಟ್ ಹಾಗೆ ಸೀಲ್ ಮಾಡಿ ಕೊಡುತ್ತಾರೆ. ನೋವು ಕಡಿಮೆ ಆಯಿತು ಎಂದು ಅವಳು ಹೇಳುತ್ತಾಳೆ, ನಾನು ವಾದ ಮಾಡಲು ಹೋಗಿಲ್ಲ. ಆಫೀಸಿನ ಚೀನೀ ಹೆಣ್ಣುಮಕ್ಕಳಂತೂ ಆ ದಿನಗಳಲ್ಲಿ ತಣ್ಣೀರು ಮುಟ್ಟುವುದಿಲ್ಲ, ಫ್ಲಾಸ್ಕಿನಲ್ಲಿ ಶುಂಠಿ ಬೆಲ್ಲದ ನೀರು. ನಮ್ಮ ಬಾಣಂತಿ ಕೋಣೆ ನೆನಪಾಗುತ್ತಿತ್ತು. ಅಲ್ಲೂ ಹೆತ್ತ ಮೇಲೆ ಒಂದು ತಿಂಗಳು ಗಾಳಿ, ತಣ್ಣೀರು ಸೋಕಿಸುವುದಿಲ್ಲ.

ಸೆಂಗ್‌ಕಾಂಗ್ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ಕತ್ತೆ ವಿಷಯ ಓದಿ ಹತ್ತು ನಿಮಿಷ ನಕ್ಕೆ, ಆಮೇಲೆ ಹೊಟ್ಟೆ ತೊಳೆಸಿತು. ಬೋರ್ಡ್ ಪಟ್ಟಿಯಲ್ಲಿ ಸಿನ್‌ಸೆ ಹೆಸರು ಇದೆ. ಚೀಟಿ ಫೋಟೋ ಕಳಿಸಿದ್ದಕ್ಕೆ ಗೈನಕಾಲಜಿಸ್ಟ್ ಕಡೆಯಿಂದ ಉತ್ತರ ಬಂತು: ಲೆಟ್ರೋಜೋಲ್ ತಿಂಗಳುಗಳಲ್ಲಿ ಕಷಾಯ ಬೇಡ, ಸೂಜಿ ನಿಮ್ಮಿಷ್ಟ. ಹಾಗೇ ಮಾಡುತ್ತೇನೆ. ಆಂಟಿಗೆ ಏನು ಹೇಳುವುದು ಎಂಬುದೇ ಈಗ ಚಿಂತೆ. ನನಗೆಂದು ಮಣ್ಣಿನ ಪಾತ್ರೆ ಕೂಡ ತಂದಿಟ್ಟಿದ್ದಾರೆ.

ತೀರ್ಥಹಳ್ಳಿ ತುಂಗೆ

ಆಂಟಿಗೆ ನಿಜವನ್ನೇ ಹೇಳು. ಡಾಕ್ಟರ ಮಾತ್ರೆ ಮುಗಿಯಲಿ ಆಂಟಿ, ಆಮೇಲೆ ನೋಡೋಣ ಅನ್ನು, ಅವರಿಗೆ ಅರ್ಥ ಆಗುತ್ತದೆ. ಬೇಕಾದರೆ ಸೂಜಿಗೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗು. ಪಾತ್ರೆ ವಾಪಸ್ ಕೊಡಬೇಡ, ಬೇಜಾರು ಮಾಡಿಕೊಳ್ಳುತ್ತಾರೆ. ನನ್ನದು ಇನ್ನೂ ಇದೆ, ಅದರಲ್ಲಿ ಮೊಸರಿಗೆ ಹೆಪ್ಪು ಹಾಕುತ್ತೇನೆ. ಮೊದಲ ಒಂದು ತಿಂಗಳು ಮೊಸರೆಲ್ಲ ದಾಂಗ್ ಗುಯಿ ವಾಸನೆ ಹೊಡೆಯುತ್ತಿತ್ತು, ಹುಣಸೆಹಣ್ಣು ಹಾಕಿ ಎರಡು ಸಲ ಕುದಿಸಿದೆ. ನಿನ್ನದರಲ್ಲಿ ಇನ್ನೂ ಏನೂ ಕುದಿಸಿಲ್ಲವಲ್ಲ, ನಾಳೆಯೇ ಹಾಕಬಹುದು.